ಹಗ್ಗ ಹರಿದ ಬಾವಿ

"ಸೊನ್ನೆ ಅಂದ್ರೆ ಸೊನ್ನೆ! ಕಣ್ಣನ್ನ ಬಾವಿ ಅಂದ್ರೆ ರೂಪಕ. ಅರ್ಥ, ಕಣ್ಣೀರು ಧಾರಾಕಾರ. ನೀನು ಬರೆದಿರೋದೇನು? ಅಳು ಬರಲಿಲ್ಲ ಅಂತ!"

ಉಸ್ತಾದ್ ಅದ್ನಾನ್ ಹಾಡಿನ ಸಾಲಿಗೆ ಅರ್ಥ ಬರೆದ ಉತ್ತರಪತ್ರಿಕೆಯನ್ನು ನುವೈರಾಳ ಮುಂದೆ ಎಸೆದ. ಹೆಂಗಸರ ಈ ಸಂಜೆ ತರಗತಿಯಲ್ಲಿ ಪಾಸಾದರೆ ಅವಳು ಹದ್ರಮೌತ್ ಸೀಮೆಯ ತನ್ನ ಹಳ್ಳಿಯ ಹುಡುಗಿಯರಿಗೆ ಪಾಠ ಹೇಳಬಹುದಿತ್ತು.

"ಸಾಲು ಪೂರ್ತಿ ಓದಿ, ಉಸ್ತಾದ್. 'ನನ್ನ ಕಣ್ಣು ಹಗ್ಗ ಹರಿದ ಬಾವಿ.' ಹಗ್ಗ ಹರಿದ್ಮೇಲೆ ನೀರು ತಳದಲ್ಲೇ ಉಳಿಯುತ್ತೆ. ನೀವು ಒಂದಿನನಾದ್ರೂ ನೀರು ಸೇದಿದ್ದೀರಾ?"

ಹಿಂದೆ ಕೂತ ಹೆಂಗಸರು ಕಿಸಕ್ಕನೆ ನಕ್ಕರು. ಏಡನ್ ಪಟ್ಟಣದಲ್ಲಿ ನಲ್ಲಿ ತಿರುಗಿಸಿಕೊಂಡು ಬೆಳೆದವನ ಕಿವಿ ಕೆಂಪಾಯಿತು. ಅಲಂಕಾರಗಳ ಹೆಸರನ್ನು ಬಾಯಿಪಾಠ ಮಾಡಿದ ಗಿಣಿಗೆ ಹಗ್ಗವಾದರೇನು, ಬಾವಿಯಾದರೇನು!

"ಪುಸ್ತಕದ ಟಿಪ್ಪಣಿಯಲ್ಲಿ ಇರೋದೇ ಸರಿ. ಆ ಹಾಡು ಕಟ್ಟಿದ ಹಳ್ಳಿ ಮುದುಕಿಗೆ ಅರ್ಥ ಏನು ಗೊತ್ತು?"

"ಆ ಮುದುಕಿ ನಾನೇ. ನನ್ನ ಗಂಡನ ಹೆಣ ಎತ್ತಿದ ದಿನ ಕಟ್ಟಿದ್ದು, ಯಾರೋ ಬರ್ಕೊಂಡು ಹೋಗಿ ಪುಸ್ತಕಕ್ಕೆ ಹಾಕಿದ್ರು. ಊರೆಲ್ಲ ಅತ್ತಿತು, ನನಗೆ ಒಂದು ಹನಿ ಬರಲಿಲ್ಲ."

ಅದ್ನಾನ್ ಉತ್ತರಪತ್ರಿಕೆಯನ್ನು ಮತ್ತೆ ಅವಳ ಕಡೆ ತಳ್ಳಿದ.

"ಹಾಗಾದ್ರೆ ನೀನು ಕಟ್ಟಿದ್ದೇ ತಪ್ಪು. ಟಿಪ್ಪಣಿಯಲ್ಲಿ ಇರೋ ಹಾಗೆ ಬರೆದುಕೊಡು, ಪಾಸು ಮಾಡ್ತೀನಿ."

ನುವೈರಾ ಪೆನ್ನಿಗೆ ಕ್ಯಾಪು ಹಾಕಿ ಅವನ ಮೇಜಿನ ಮೇಲಿಟ್ಟಳು.

"ಇಟ್ಕೊಳ್ಳಿ. ಸೊನ್ನೆ ದುಂಡಗೆ ಬರೆಯೋಕೆ ಬೇಕಾಗುತ್ತೆ."

ಚಪ್ಪಲಿ ಮೆಟ್ಟಿ ಹೊರಟವಳು ಮತ್ತೆಂದೂ ಆ ಕಡೆ ತಲೆ ಹಾಕಲಿಲ್ಲ.