ತತ್ತಿ ತೋರಿಸಿದವನ ಮಾತು

ಬೇಸಿಗೆ ಬಂತೆಂದರೆ ದೇಶನೂರಿನ ಹೊಳೆಯ ನಡುವಿನ ಮರಳದಿನ್ನೆಗೆ ಹಳದಿ ಕೊಕ್ಕಿನ ಹೊಳೆಹಕ್ಕಿಗಳು ತತ್ತಿ ಇಡಲು ಬರುತ್ತಿದ್ದವು. ನೀರಿನಂಚಿಗೆ ಇಟ್ಟರೆ ಆ ವರ್ಷ ಹೊಳೆ ತುಂಬಿ ಬರುವುದು ತಡ, ದಿನ್ನೆಯ ನೆತ್ತಿಗೆ ಇಟ್ಟರೆ ಬೇಗ. ಅದನ್ನು ತಿಳಿದುಕೊಂಡೇ ಊರಿನವರು ಮರಳಿನಲ್ಲಿ ಬೆಳೆದ ಕಲ್ಲಂಗಡಿ ಕಿತ್ತು ಸಿರುಗುಪ್ಪದ ಸಂತೆಗೆ ಸಾಗಿಸುತ್ತಿದ್ದರು. ತತ್ತಿ ಎಲ್ಲಿದೆಯೆಂದು ನೋಡಿ ಬರುವ ಹಕ್ಕು ಅಂಬಿಗರ ಗಾಳೆಪ್ಪನ ಮನೆತನದ್ದು. ಆದರೆ ಬರೀ ಬಾಯಿಮಾತು ನಡೆಯುತ್ತಿರಲಿಲ್ಲ. ಒಂದು ತತ್ತಿ ತಂದು ಊರಕಟ್ಟೆಯ ಮೇಲಿಟ್ಟು ತೋರಿಸಬೇಕು. ಹಿರಿಯರು ಮಾಡಿಟ್ಟ ಪದ್ಧತಿ, ಕೇಳುವವರು ಯಾರು?

ಗಾಳೆಪ್ಪ ಚಿಕ್ಕವನಿದ್ದಾಗ ದಿನ್ನೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಹಕ್ಕಿಗಳೆದ್ದರೆ ಪಕ್ಕದಲ್ಲಿದ್ದ ಅಪ್ಪ ಕೂಗಿದ್ದೂ ಕೇಳುತ್ತಿರಲಿಲ್ಲ. ಮೊದಲು ನೀರುನಾಯಿಗಳು ಹೋದವು. ಬಲೆ ಹರಿಯುತ್ತವೆಂದು ಬಡಿದವರು ಇವನ ಅಣ್ಣತಮ್ಮಂದಿರೇ. ಆಮೇಲೆ ಆಮೆಗಳು. ನೂರಾರಿದ್ದ ಹಕ್ಕಿ ಹತ್ತಾಯಿತು. ಇವನು ತತ್ತಿ ತೋರಿಸಿದ ಮರುದಿನ ಊರಿಗೆ ಊರೇ ಉಳಿದ ತತ್ತಿ ಆಯಲು ಬುಟ್ಟಿ ಹಿಡಿದು ದಿನ್ನೆಗೆ ಹೋಗುತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇದ್ದುಬಿಟ್ಟಿದ್ದ.

ಐವತ್ತೊಂದನೇ ಇಸವಿಯಲ್ಲಿ ಇಡೀ ದಿನ್ನೆಗೆ ಒಂದೇ ಜೋಡಿ ಹಕ್ಕಿ, ನೆತ್ತಿಯ ಮೇಲೆ ಒಂದೇ ತತ್ತಿ. ಗಾಳೆಪ್ಪನಿಗೆ ಎತ್ತಲು ಮನಸ್ಸು ಬರಲಿಲ್ಲ. ಬರಿಗೈಯಲ್ಲಿ ಬಂದು, ಹೊಳೆ ಬೇಗ ಬರುತ್ತದೆ, ಕಾಯಿ ಕೀಳಿರಿ ಎಂದ. ತತ್ತಿಯಿಲ್ಲದ್ದು ಕಂಡು ಮುದುಕನಿಗೆ ಅರಳುಮರಳು ಎಂದು ನಕ್ಕರು. ನಗೆಯನ್ನು ಹೇಗೋ ತಡೆದುಕೊಂಡ. ಆದರೆ ಗಂಡ ಸತ್ತ ತಂಗಿ ಜಂಬಮ್ಮನ ವರ್ಷದ ಅನ್ನವೆಲ್ಲ ಆ ಮರಳಿನ ಬಳ್ಳಿಯಲ್ಲೇ ಇತ್ತು. ಅವಳೂ ನಂಬಲಿಲ್ಲ.

"ತತ್ತಿ ನೋಡ್ದಂಗ ಎಳೀ ಕಾಯಿ ಹೆಂಗ ಕೀಳ್ಲಿ ಯಣ್ಣಾ?" ಎಂದಳು.

ಗಾಳೆಪ್ಪ ಮತ್ತೆ ಹರಗೋಲು ಹತ್ತಿದ. ತತ್ತಿ ಬೆಚ್ಚಗಿತ್ತು. ಹಕ್ಕಿ ಅವನ ತಲೆಯ ಮೇಲೆ ಎರಗಿ ಎರಗಿ ಕೂಗಿತು. ಆದರೂ ತಂದ.

ಊರು ಗಡಬಡಿಸಿ ಕಾಯಿ ಕಿತ್ತಿತು. ಹದಿನೈದನೇ ದಿನಕ್ಕೆ ಕೆಂಪು ನೀರು ಬಂದು ದಿನ್ನೆ ಮುಳುಗಿತು. ಜಂಬಮ್ಮ ಅಣ್ಣನ ಕಾಲಿಗೆ ಬಿದ್ದು ಅತ್ತಳು. ಊರಿನವರ ಹೊಗಳಿಕೆ ಮಾತ್ರ ಅವನಿಗೆ ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪವಾಯಿತು.

ಮರುವರ್ಷ ಮೂರು ಸಲ ಹೋಗಿ ಬಂದ. ದಿನ್ನೆಯ ಮೇಲೆ ಮರಳು ಬಿಟ್ಟರೆ ಏನೂ ಇರಲಿಲ್ಲ. ಮೂರನೆಯ ಸಲ ಬಂದಾಗ ಜನ ಕಟ್ಟೆಯಲ್ಲಿ ಕಾದಿದ್ದರು. ಊರ ಯಜಮಾನ ಓಬಣ್ಣ ತತ್ತಿಗೆಂದು ಕೈ ಚಾಚಿದ.

"ಹೋದ ವರ್ಸ ತಂದು ಕೊಟ್ನೆಲ್ಲ ಓಬಣ್ಣ," ಅಂದ ಗಾಳೆಪ್ಪ. "ಅದೇ ಕಡೀದು."