ಅಲುಗದ ಮುಳ್ಳು

ಮುಳ್ಳು ಅಲುಗಲಿಲ್ಲ, ಫ್ರೀಕ್ವೆನ್ಸಿ ಮೀಟರಿನ ಐವತ್ತರ ಗೆರೆಯ ಮೇಲೆ ಮೊಳೆ ಹೊಡೆದ ಹಾಗೆ ನಿಂತಿದೆ, ಈಗ ತಾನೇ ಹೀಟರಿನ ಸ್ವಿಚ್ ಒತ್ತಿದೆ, ಸುರುಳಿ ಕೆಂಪಾಗುತ್ತಿದೆ, ಮೂಗಿಗೆ ಸುಟ್ಟ ಧೂಳಿನ ವಾಸನೆ, ಆದರೂ ಮುಳ್ಳು ಕದಲಿಲ್ಲ — ನಿಂತಿತು, ನನ್ನ ಗ್ರಿಡ್ ನಿಂತಿತು, ಚಾವಣಿಯ ಮೇಲೆ ಸೌರ ಫಲಕ, ಮೂಲೆಯಲ್ಲಿ ಬ್ಯಾಟರಿ, ನಡುವೆ ನನ್ನ ಪ್ರೋಗ್ರಾಂ ಓಡುತ್ತಿರುವ ಇನ್ವರ್ಟರ್, ಅಷ್ಟೇ, ತಿರುಗುವ ಯಂತ್ರ ಒಂದೂ ಇಲ್ಲ, ನಾಲ್ಕು ವರ್ಷ ಇದಕ್ಕೇ ತಲೆ ಚಚ್ಚಿಕೊಂಡಿದ್ದು, ತಿರುಗೋ ತೂಕ ಇಲ್ದೆ ಗ್ರಿಡ್ ನಿಲ್ಲಲ್ಲಮ್ಮ, ಕಬ್ಬಿಣ ಬೇಕು ಕಬ್ಬಿಣ, ಅನ್ನುತ್ತಲೇ ಬಂದ ಪ್ರೊಫೆಸರು ಈಗ ನನ್ನ ಬೆನ್ನ ಹಿಂದೆ ಕನ್ನಡಕವನ್ನು ಹಣೆಗೇರಿಸಿ ಮೀಟರಿಗೆ ಮೂಗು ತಾಗಿಸಿ ನಿಂತಿದ್ದಾರೆ, ಇವತ್ತು ಗ್ರಿಡ್ ಬಿದ್ರೆ ಈ ರೂಮು ಮೋಟಾರ್ ತಂಡದವರಿಗೆ, ನೀನೂ ಅವರ ಜೊತೆಗೆ, ಹೊಸ ವಿಷಯ, ಮೊದಲಿಂದ, ಎಂದು ಹೋದ ವಾರ ಉಗುರು ಕತ್ತರಿಸುತ್ತ ಹೇಳಿದ ಅದೇ ಮನುಷ್ಯ, ಈಗ ಇನ್ನೊಂದು ಹೀಟರ್ ಹಾಕು ನೋಡೋಣ ಅನ್ನುತ್ತಾರೆ, ಹಾಕಿದೆ, ಕದಲಲಿಲ್ಲ, ಏನ್ ತಾಯಿ, ಅಂಟು ಹಾಕಿ ಅಂಟಿಸಿದ್ದೀಯಾ ಮುಳ್ಳನ್ನ, ಅಂತ ಹಿಂದಿನ ಸ್ಟೂಲಿನಿಂದ ಸ್ಟ್ಯಾಂಡ್‌ಬೈ, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಲ್ಯಾಬಿನ ಗೆಳೆಯನಿಗೆ ನಾವಿಟ್ಟ ಹೆಸರು ಅದು, ಇವತ್ತು ಅವನೂ ಎದ್ದಿದ್ದಾನೆ ಅಂದರೆ ಲೆಕ್ಕ ಹಾಕಿ, ಮೊದಲು ಸೋದರತ್ತೆಗೆ ಫೋನ್ ಮಾಡಬೇಕು, ಓದಿಸಿದವಳು ಅವಳೇ, ಅದೇನ್ ಗ್ರಿಡ್ಡೋ ಕಾಣೆ, ತಲೆಗೆ ಎಣ್ಣೆ ಹಚ್ಕೊಂಡ್ಯಾ ಅನ್ನುತ್ತಾಳೆ, ಅನ್ನಲಿ, ನಲವತ್ತು ದಾಟಿದ ಮೇಲೆ ಸೈಕಲ್ ಕಲಿತ ಹೆಂಗಸು, ಕಲಿಸಿದ್ದು ನಾನು, ಕ್ಯಾರಿಯರ್ ಹಿಡಿದು ಏದುಸಿರು ಬಿಡುತ್ತ ಹಿಂದೆ ಓಡಿ, ಕೈ ಬಿಟ್ಟೆ ಅಂದ್ರೆ ಮನೆಗೆ ಸೇರಿಸಲ್ಲ ನೋಡು, ಇಲ್ಲ ಅತ್ತೆ ಹಿಡ್ಕೊಂಡಿದ್ದೀನಿ, ಹಿಡಿದಿರುವಷ್ಟು ಹೊತ್ತು ಹ್ಯಾಂಡಲ್ ಗೆರೆ ಎಳೆದಷ್ಟು ನೇರ, ಬಿಟ್ಟ ಕೂಡಲೇ ಗಡಗಡ ನಡುಗಿ, ಆ ಕಡೆ ಈ ಕಡೆ ವಾಲಿ —

ನೇರ. ಇಷ್ಟು ನೇರ ಹೇಗೆ, ಹೀಟರಿನ ಹೊರೆ ಬಿದ್ದಾಗ ಮುಳ್ಳು ಇಳಿಯಬೇಕು, ಇಳಿದು ಹತ್ತಬೇಕು, ಹಾಗಂತ ಸಮೀಕರಣ ಬರೆದವಳೇ ನಾನು, ಇಳಿಯದೆ ಇರಲು ಅದಕ್ಕೆ ದಾರಿಯೇ ಇಲ್ಲ, ಹೊರಗಿನ ಕರೆಂಟು ಹಿಡಿದುಕೊಂಡಿರದಿದ್ದರೆ — ಆದರೆ ಹೊರಗಿನ ಲೈನಿನ ಸ್ವಿಚ್ ತೆಗೆದೇ ಇದೆ, ದೀಪ ಹಸಿರು, ನಮ್ಮಲ್ಲಿ ಕೆಂಪು ಅಂದರೆ ಸೇರಿದೆ, ಹಸಿರು ಅಂದರೆ ಬೇರೆಯಾಗಿದೆ, ಹೀಟರ್ ಹಾಕುವ ಮುಂಚೆಯೇ ನೋಡಿದೆ, ಹಸಿರಿತ್ತು, ಮುಟ್ಟಲೇ ಇಲ್ಲ, ನಿನ್ನೆಯಿಂದ ಬ್ಯಾಟರಿ ಚಾರ್ಜ್ ಆಗಿದ್ದು ಆ ಲೈನಿನಿಂದಲೇ ಅಲ್ಲವೇ, ಹಾಗಾದರೆ ತೆಗೆದವರು ಯಾರು, ಬೆಳಿಗ್ಗೆ ಪ್ರೊಫೆಸರು ಬರುತ್ತಾರೆಂದು ಪ್ಯಾನೆಲ್ಲನ್ನು ಫಳಫಳ ಉಜ್ಜಿದೆ, ದೀಪಗಳ ಕೆಂಪು ಹಸಿರು ಗಾಜಿನ ಟೋಪಿ ಬಿಚ್ಚಿ ಸೋಪಿನಲ್ಲಿ ತೊಳೆದು ಒರೆಸಿ ಹಾಕಿದೆ, ಯಾವುದನ್ನು ಎಲ್ಲಿಗೆ ಹಾಕಿದೆ, ಭಲೇ ಕಣಮ್ಮ, ಸೋತೆ ನಾನು, ಪ್ರೊಫೆಸರು ಬೆನ್ನು ತಟ್ಟುತ್ತಿದ್ದಾರೆ, ಸಹಿ ಹಾಕಲು ಜೇಬಿನಿಂದ ಪೆನ್ನು ತೆಗೆದಿದ್ದಾರೆ, ಸುಮ್ಮನಿದ್ದರೆ ರೂಮು ಉಳಿಯುತ್ತದೆ, ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ — ಸರ್ ಒಂದ್ನಿಮಿಷ, ಗಾಜು ಅದಲುಬದಲಾಗಿದೆ ಅನ್ಸುತ್ತೆ, ಹೊರಗಿನ ಲೈನ್ ಇನ್ನೂ ಸೇರಿದೆ, ಈಗ ತೆಗೀತೀನಿ, ಹೀಟರ್ ಎರಡೂ ಉರೀತಿರೋವಾಗ್ಲಾ, ಒಂದನ್ನಾದ್ರೂ ಆರಿಸೇ ಮಾರಾಯ್ತಿ, ಇದು ಸ್ಟ್ಯಾಂಡ್‌ಬೈ, ಬೇಡ, ಉರಿಯಲಿ, ನೋಡಬೇಕು, ನಾಲ್ಕು ವರ್ಷದಿಂದ ನೋಡಬೇಕೆಂದಿದ್ದು ಇದನ್ನೇ, ಸ್ವಿಚ್ಚಿನ ಹಿಡಿ ತಣ್ಣಗಿದೆ, ತಿರುವಿದೆ, ಠಪ್ಪೆಂದಿತು, ಹಸಿರು ಆರಿ ಕೆಂಪು ಹತ್ತಿತು, ನೋಡಿದಿರಾ ಅದಲುಬದಲೇ, ಇನ್ವರ್ಟರ್ ಗೊರ್ರೆಂದಿತು, ಮುಳ್ಳು ಬಿತ್ತು, ನಲವತ್ತೊಂಬತ್ತೂವರೆ, ಇನ್ನೂ ಕೆಳಗೆ, ಪ್ರೊಫೆಸರ ಕೈ ಬೆನ್ನಿನಿಂದ ಜಾರಿತು, ಅತ್ತೆ ಚೀರುತ್ತಿದ್ದಾಳೆ, ಬಿಟ್ಟೆಯೇನೇ, ಬಿಟ್ಟೆಯಾ, ಹೂಂ ಅತ್ತೆ ಬಿಟ್ಟೆ, ತುಳಿ, ಹ್ಯಾಂಡಲ್ ಗಡಗಡ, ಚಕ್ರ ಚರಂಡಿಯ ಅಂಚಿಗೆ ಹೋಗಿ ಅಲ್ಲಿಂದ ಹೊರಳಿ, ಹೀಟರಿನ ಸುರುಳಿ ಒಮ್ಮೆ ಮಂಕಾಗಿ ಮತ್ತೆ ಕೆಂಪು, ಮುಳ್ಳು ಹತ್ತುತ್ತಿದೆ, ಒಂದು ಗೆರೆ, ಇನ್ನೊಂದು, ದಾಟಿ ಮೇಲಕ್ಕೆ, ವಾಪಸು, ಯಾರೂ ಹಿಡಿದುಕೊಂಡಿಲ್ಲ, ಐವತ್ತರ ಮೇಲೆ ಮುಳ್ಳು, ನಡುಗುತ್ತಿದೆ, ನಡುಗುತ್ತಲೇ ಇದೆ