ಪ್ರತಿ ವರ್ಷ ಅದೇ ತರಬೇತಿ

ಪರವಾನಗಿ ಉಳಿಯಬೇಕಾದರೆ ನಾವು ಆಪ್ತಸಮಾಲೋಚಕರು ವರ್ಷಕ್ಕೊಂದು ತರಬೇತಿ ಮುಗಿಸಲೇಬೇಕು. ಯಾವುದೆಂಬುದು ನಮ್ಮಿಷ್ಟ. ನಾವೇನು ದಡ್ಡರೇ? ಊಟ ಚೆನ್ನಾಗಿರುವ, ಬೇಗ ಬಿಡುವ ತರಬೇತಿಯನ್ನೇ ಆರಿಸುತ್ತೇವೆ. ನಮ್ಮ ಕೇಂದ್ರದ ಹಿರಿಯರೊಬ್ಬರು ಮಾತ್ರ ಇತ್ತೀಚೆಗೆ ಪ್ರತಿ ಸಲವೂ ಆತ್ಮಹತ್ಯೆ ತಡೆಯುವ ತರಬೇತಿಗೇ ಹೋಗುತ್ತಿದ್ದರು. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ಈ ವರ್ಷ ಬೇರೆಲ್ಲ ಭರ್ತಿಯಾಗಿ ನನಗೂ ಅದೇ ಗತಿಯಾಯಿತು. ಅಲ್ಲಿ ಜೋಡಿಯಾಗಿ ಅಭ್ಯಾಸ ಮಾಡಬೇಕು: ಒಬ್ಬರು ಸಮಾಲೋಚಕರು, ಇನ್ನೊಬ್ಬರದು ನೊಂದವರ ಪಾತ್ರ. ಹಿರಿಯರು ಎಂದಿನಂತೆ ನೊಂದವರ ಕುರ್ಚಿ ಹಿಡಿದರು. ನಾನು ಎದುರು ಕೂತೆ. ಸುತ್ತಿ ಬಳಸದೆ ನೇರವಾಗಿ ಕೇಳಬೇಕೆಂಬುದೇ ಪಾಠ.

"ಸಾಯ್ಬೇಕು ಅನ್ಸುತ್ತಾ?" ಎಂದೆ.

"ಅನ್ಸುತ್ತಮ್ಮ. ಹೆಂಡತಿ ಹೋದಾಗಿಂದ ದಿನಾ ಅನ್ಸುತ್ತೆ."

"ಯಾರ ಹತ್ರಾನಾದ್ರೂ ಹೇಳ್ಕೊಂಡಿದೀರಾ?"

"ಮನೇಲಿ ಯಾರೂ ಇಲ್ಲ. ಕೆಲಸದ ಜಾಗದಲ್ಲಿ ಎಲ್ರೂ ನನ್ನ ಹತ್ರಾನೇ ಹೇಳ್ಕೊಳ್ತಾರೆ."

ಗಂಟೆ ಹೊಡೆಯಿತು. ಕೋಣೆಯ ತುಂಬ ಚಪ್ಪಾಳೆ.

"ಏನ್ ಆ್ಯಕ್ಟಿಂಗ್ ಸರ್!" ಎಂದರು ತರಬೇತುದಾರರು. "ಸಾಕು, ಪಾತ್ರದಿಂದ ಹೊರಗೆ ಬನ್ನಿ."

ನಾನೂ ಚಪ್ಪಾಳೆ ತಟ್ಟುತ್ತಲೇ ಎದ್ದೆ. ಮುಂದಿನ ಜೋಡಿ ಆಗಲೇ ಕುರ್ಚಿಗಾಗಿ ಕಾದು ನಿಂತಿತ್ತು. ಹಿರಿಯರು ಏಳಲಿಲ್ಲ.

"ಇನ್ನೊಂದೇ ಒಂದು ಪ್ರಶ್ನೆ ಕೇಳಮ್ಮ," ಎಂದರು ನನಗಷ್ಟೇ ಕೇಳುವಂತೆ. "ಮತ್ತೆ ಯಾರಾದ್ರೂ ಕೇಳೋದು ಮುಂದಿನ ವರ್ಷಾನೇ."